ಇತ್ತೆಕಿಮಾಸು, ಹೋಗಿ ಬರ್ತೀನಿ

ಜಪಾನಿನಲ್ಲಿ ಮನೆಯಿಂದ ಹೊರಡುವವರು ಬಾಗಿಲಲ್ಲಿ ನಿಂತು 'ಇತ್ತೆಕಿಮಾಸು' ಅನ್ನುತ್ತಾರೆ. 'ಇತ್ತೆ' ಎಂದರೆ ಹೋಗಿ, 'ಕಿಮಾಸು' ಎಂದರೆ ಬರುತ್ತೇನೆ. ಒಳಗಿದ್ದವರು 'ಇತ್ತೆರಶ್ಶಾಯ್' ಅನ್ನುತ್ತಾರೆ. ಅಂದರೆ ಹೋಗಿ ಬನ್ನಿ. ಹೊರಡುವ ಹೊತ್ತಿನಲ್ಲಿ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು ಎಂದು ಅಜ್ಜಿಯಿಂದ ಗದರಿಸಿಕೊಂಡು ಬೆಳೆದವರಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಜಪಾನಿ ಭಾಷೆಯ ಮೇಲಿನ ಆಸೆಯಿಂದ ಶುರುವಾಗಿ ಜಪಾನಿ ಮನೆಯ ಸೊಸೆ, ಅಳಿಯ ಆಗುವವರೆಗೆ ನಡೆದ ದಾರಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ. ಯಾರು ಯಾರನ್ನು ಎಲ್ಲಿ ನೋಡಿದರು, ಮೊದಲು ಮನಸ್ಸು ಬಿಚ್ಚಿದವರು ಯಾರು ಎಂಬ ಕಥೆಗಳನ್ನು ಬಿಟ್ಟಿದ್ದೇವೆ. ಅವು ಜೋಡಿಯಿಂದ ಜೋಡಿಗೆ ಬೇರೆ. ಎಲ್ಲರಿಗೂ ಒಂದೇ ಆಗಿರುವುದು ಭಾಷೆ, ಮನೆಯ ರೀತಿ ಮತ್ತು ಕಚೇರಿಯ ಕಾಗದ. ತಪ್ಪುಗಳು ಆಗುವುದೂ ಈ ಮೂರರಲ್ಲೇ.

ಭಾಷೆಯನ್ನು ಕನ್ನಡದ ಕಡೆಯಿಂದ ಹಿಡಿಯಿರಿ

ನಮ್ಮಲ್ಲಿ ಬಹುತೇಕರು ಜಪಾನಿ ಕಲಿತದ್ದು ಇಂಗ್ಲಿಷ್ ಪುಸ್ತಕಗಳಿಂದ. ಅಲ್ಲಿ 'ಕ್ರಿಯಾಪದ ಕೊನೆಗೆ ಬರುತ್ತದೆ' ಎಂಬುದನ್ನು ದೊಡ್ಡ ವಿಚಿತ್ರ ಎಂಬಂತೆ ಎರಡು ಪುಟ ವಿವರಿಸಿರುತ್ತಾರೆ. ಕನ್ನಡದವರು ಆ ಎರಡು ಪುಟ ಹಾರಿಸಬಹುದು. 'ಕಿನೋ ಕಿತ ಹಿತೊ' ಅಂದರೆ 'ನಿನ್ನೆ ಬಂದ ಮನುಷ್ಯ'. ಪದಕ್ಕೆ ಪದ ಅದೇ ಜಾಗದಲ್ಲಿ ಕೂರುತ್ತದೆ. 'ತಬೆತೆ ಮಿರು' ಎಂದರೆ 'ತಿಂದು ನೋಡು'. ಮಿರು ಎಂಬುದು ಕಣ್ಣಿನಿಂದ ನೋಡುವ ಕ್ರಿಯೆಯೇ, ನಮ್ಮಂತೆಯೇ ಅವರೂ ಅದನ್ನು 'ಪ್ರಯತ್ನಿಸು' ಎಂಬ ಅರ್ಥಕ್ಕೆ ಹಚ್ಚಿದ್ದಾರೆ. 'ಕಾಯ್ತೆ ಒಕು' ಎಂದರೆ ಬರೆದಿಡು. ಒಕು ಅಂದರೆ ಇಡು. 'ತಬೆತೆ ಶಿಮಾಉ' ಎಂದರೆ ತಿಂದುಬಿಡು. ಇಂಗ್ಲಿಷಿನಲ್ಲಿ ಇವುಗಳಿಗೆ ಒಂದೊಂದು ಪಾಠ ಬೇಕು, ಕನ್ನಡದಲ್ಲಿ ಒಂದೊಂದು ಸಾಲು ಸಾಕು. ಆದ್ದರಿಂದ ಪುಸ್ತಕ ಯಾವುದೇ ಇರಲಿ, ನೋಟ್‌ಬುಕ್ಕಿನಲ್ಲಿ ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಇದೊಂದರಿಂದ ಉಳಿಯುವ ಸಮಯ ದೊಡ್ಡದು.

ಅಕ್ಷರಗಳೂ ಅಷ್ಟು ದೂರದವಲ್ಲ. ಜಪಾನಿಯ ಮೂಲ ಅಕ್ಷರಮಾಲೆ ಹಿರಗಾನದ ಸಾಲು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಹೋಗುತ್ತದೆ. ಬೌದ್ಧರ ಜೊತೆ ಜಪಾನಿಗೆ ಹೋದ ಸಿದ್ಧಂ ಲಿಪಿಯ, ಸಂಸ್ಕೃತ ವರ್ಣಮಾಲೆಯ ಓದಿನಿಂದ ಈ ಕ್ರಮ ಅಲ್ಲಿ ನಿಂತಿತು. 752ರಲ್ಲಿ ನಾರಾ ಊರಿನ ದೇಗುಲ ತೋದಾಯ್‌ಜಿಯ ಮಹಾಬುದ್ಧನಿಗೆ ಕಣ್ಣು ಬರೆದ ಭಿಕ್ಷು ಬೋಧಿಸೇನ ಭಾರತದಿಂದಲೇ ಹೋದವನು. ಪ-ವರ್ಗದ ಜಾಗದಲ್ಲಿ 'ಹ' ಯಾಕೆ ಕೂತಿದೆ ಎಂದು ಕೇಳಿದರೆ ಉತ್ತರ ಇನ್ನೂ ಚೆಂದ. ಹಳಗನ್ನಡದ 'ಪಾಲ್' ನಮ್ಮಲ್ಲಿ 'ಹಾಲು' ಆದ ಹಾಗೆ ಜಪಾನಿಯಲ್ಲೂ ಹಳೆಯ 'ಪ' ಸವೆದು 'ಹ' ಆಯಿತು. ಇನ್ನು ಒಂದೊಂದು ಸಾಲಿನೊಳಗೆ ಕ, ಕಿ, ಕು, ಕೆ, ಕೊ ಎಂದು ಹೇಳಿಕೊಂಡು ಹೋಗುವುದು ನಮ್ಮ ಕಾಗುಣಿತವೇ. ಹಿರಗಾನ 46, ಹೊರಗಿನ ಪದಗಳನ್ನು ಬರೆಯುವ ಕತಕಾನ 46. ದಿನಕ್ಕೆ ಐದರಂತೆ ಬರೆದರೆ ಮೂರು ವಾರದೊಳಗೆ ಎರಡೂ ಕೈಗೆ ಹತ್ತುತ್ತವೆ. ಚೀನಾದಿಂದ ಬಂದ ಚಿತ್ರಾಕ್ಷರ ಕಾಂಜಿ ಮಾತ್ರ ವರ್ಷಗಳ ಕೆಲಸ. ದಿನಬಳಕೆಯ ಅಧಿಕೃತ ಪಟ್ಟಿಯಲ್ಲಿ 2010ರಿಂದ 2136 ಕಾಂಜಿಗಳಿವೆ. ಅವಕ್ಕೆ ಅಡ್ಡದಾರಿ ಇಲ್ಲ.

ಉಚ್ಚಾರದಲ್ಲಿ ಕನ್ನಡದವರಿಗೆ ಒಂದು ದೊಡ್ಡ ಅನುಕೂಲ ಇದೆ. ಹ್ರಸ್ವ, ದೀರ್ಘ ಎರಡೂ ನಮಗೆ ಸಹಜ. ಅದರಲ್ಲೂ ಎ–ಏ, ಒ–ಓ ಬೇರೆಬೇರೆ ಎಂಬುದನ್ನು ನಮಗೆ ಕಲಿಸಬೇಕಿಲ್ಲ. ಜಪಾನಿಯಲ್ಲಿ 'ಒಬಸನ್' ಅಂದರೆ ಚಿಕ್ಕಮ್ಮನೋ ಅತ್ತೆಯೋ, 'ಒಬಾಸನ್' ಅಂದರೆ ಅಜ್ಜಿ. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆಚೀಟಿ. ಈ ದೀರ್ಘ, ಈ ಒತ್ತು ನುಂಗಿದರೆ ಮಾತೇ ಬೇರೆಯಾಗುತ್ತದೆ. ಬೇರೆ ಭಾಷೆಯವರು ಇಲ್ಲಿ ತಿಂಗಳುಗಟ್ಟಲೆ ಎಡವುತ್ತಾರೆ.

ಎಡವುವ ಜಾಗ ನಮಗೂ ಇದೆ, ಬೇರೆ ಕಡೆ. ಜಪಾನಿ ಕ್ರಿಯಾಪದಕ್ಕೆ ನಾನು, ನೀನು, ಅವಳು ಎಂಬ ಗುರುತು ಇಲ್ಲ. 'ಹೋದೆ, ಹೋದೆ, ಹೋದಳು' ಮೂರಕ್ಕೂ 'ಇತ್ತ' ಒಂದೇ. ಯಾರು ಮಾಡಿದರು, ಯಾರಿಗಾಗಿ ಮಾಡಿದರು ಎಂಬುದು ಕೊಡುವ-ಪಡೆಯುವ ಕ್ರಿಯಾಪದಗಳಿಂದ ಗೊತ್ತಾಗಬೇಕು. ನಮ್ಮ ಒಂದು 'ಕೊಡು' ಇರುವಲ್ಲಿ ಅವರಲ್ಲಿ ಎರಡಿವೆ. ಬೇರೆಯವರು ನನಗೆ, ನಮ್ಮವರಿಗೆ ಕೊಟ್ಟರೆ 'ಕುರೆರು'; ನಾನು ಬೇರೆಯವರಿಗೆ ಕೊಟ್ಟರೆ 'ಅಗೆರು'. ಪಾತ್ರೆ ತೊಳೆಯುತ್ತಿರುವ ಅತ್ತೆಯ ಹತ್ತಿರ ಹೋಗಿ, 'ಸಹಾಯ ಮಾಡಿಕೊಡ್ತೀನಿ' ಎಂಬುದನ್ನು ಹಾಗೇ ತಿರುಗಿಸಿ 'ತೆತ್ಸುದತ್ತೆ ಅಗೆಮಾಸು' ಅಂದರೆ, 'ನಿಮಗೆ ಉಪಕಾರ ಮಾಡುತ್ತಿದ್ದೇನೆ ನೋಡಿ' ಎಂಬ ಧ್ವನಿ ಬರುತ್ತದೆ. ವ್ಯಾಕರಣ ಸರಿ, ಮಾತು ಒರಟು. 'ತೆತ್ಸುದಾಯ್‌ಮಾಸು' ಎಂದಷ್ಟೇ ಹೇಳಿ ಟವೆಲ್ ಕೈಗೆ ತೆಗೆದುಕೊಳ್ಳಬೇಕು. ಹಾಗೆಯೇ 'ನೀವು' ಎಂಬುದಕ್ಕೆ ಪುಸ್ತಕ 'ಅನಾತ' ಎಂದು ಕಲಿಸುತ್ತದೆ. ಹಿರಿಯರಿಗೆ ಅನಾತ ಬಳಸಲೇಬಾರದು. ಅತ್ತೆಗೆ 'ಒಕಾಸನ್', ಮಾವನಿಗೆ 'ಒತೋಸನ್', ಉಳಿದವರಿಗೆ ಹೆಸರಿನ ಕೊನೆಗೆ 'ಸನ್'. 'ಅತ್ತೆ, ಕಾಫಿ ಕುಡೀತೀರಾ?' ಎನ್ನುವಾಗ ನಾವು ಮಾಡುವುದೂ ಅದನ್ನೇ.

ಸನ್ ಬಗ್ಗೆ ಇನ್ನೊಂದು ಮಾತು. ಹೊರಗಿನವರ ಮುಂದೆ ನಮ್ಮ ಮನೆಯವರಿಗೆ ಸನ್ ಹಚ್ಚುವುದಿಲ್ಲ. ಬೇರೆಯವರ ಅಣ್ಣ 'ಒನೀಸನ್', ನನ್ನ ಅಣ್ಣನ ವಿಷಯವನ್ನು ಹೊರಗೆ ಹೇಳುವಾಗ ಬರೀ 'ಅನಿ'. ಅಣ್ಣ–ತಮ್ಮ, ಅಕ್ಕ–ತಂಗಿ ಎಂದು ವಯಸ್ಸಿನಿಂದ ಬೇರೆಬೇರೆ ಹೆಸರು ಇರುವುದರಿಂದ ಕನ್ನಡದವರಿಗೆ ಅರ್ಧ ದಾರಿ ಸಲೀಸು. ಹಳೆಯ ತಲೆಮಾರಿನ ಹೆಂಗಸರು ಗಂಡನನ್ನು 'ಶುಜಿನ್' ಅನ್ನುತ್ತಾರೆ, ಅಕ್ಷರಶಃ ಯಜಮಾನರು. ಈಗಿನವರಲ್ಲಿ ಹಲವರು 'ಒತ್ತೊ' ಎಂಬ ನೇರ ಪದ ಬಳಸುತ್ತಾರೆ, ನಮ್ಮಲ್ಲಿ 'ನನ್ನ ಗಂಡ' ಎನ್ನುವ ಹಾಗೆ.

ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆ ಬರೆಯುವುದಾದರೆ ಜೆಎಲ್‌ಪಿಟಿ ಇದೆ. ಅದರ ಹಂತಗಳಲ್ಲಿ ಎನ್5 ಸುಲಭ, ಎನ್1 ಕಷ್ಟ. ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ಒಟ್ಟು 180 ಅಂಕ. ಪಾಸಾಗಲು ಎನ್4ಕ್ಕೆ 90, ಎನ್3ಕ್ಕೆ 95, ಎನ್2ಕ್ಕೆ 90 ಬೇಕು. ಅದರ ಜೊತೆಗೆ ಪ್ರತಿ ವಿಭಾಗದಲ್ಲೂ ಕನಿಷ್ಠ ಅಂಕ ಬರಬೇಕು. ಕೇಳಿಸಿಕೊಳ್ಳುವ ವಿಭಾಗದಲ್ಲಿ 60ಕ್ಕೆ 19 ಬಾರದಿದ್ದರೆ ಒಟ್ಟು ಅಂಕ ಎಷ್ಟಿದ್ದರೂ ಫೇಲು. ಈ ಪರೀಕ್ಷೆಯಲ್ಲಿ ಮಾತನಾಡುವ ಭಾಗವೇ ಇಲ್ಲ. ಎನ್2 ಪಾಸಾದವರು ಮಾವನ ಎದುರು ಬಾಯಿ ಬಿಡಲಾರದೆ ಕೂರುವುದು ಅದಕ್ಕೇ. ತರಗತಿಯಲ್ಲಿ 'ಮಾಸು' ಕೊನೆಯ ಗೌರವದ ರೂಪ ಕಲಿಸುತ್ತಾರೆ. ಮನೆಯೊಳಗೆ ಯಾರೂ ಹಾಗೆ ಮಾತಾಡುವುದಿಲ್ಲ. ಪಠ್ಯಪುಸ್ತಕದ 'ಮಾಡುತ್ತೇನೆ' ಮಾತ್ರ ಕಲಿತು ಬಂದವರಿಗೆ ಅಡುಗೆಮನೆಯ 'ಮಾಡ್ತೀನ್ ಬಿಡೆ' ಅರ್ಥವಾಗದ ಹಾಗೆ. ಎನ್4 ಮುಟ್ಟುತ್ತಿದ್ದಂತೆ ಸರಳ ರೂಪವನ್ನು ಪ್ರತಿದಿನ ಕೇಳಲು ಶುರುಮಾಡಿ. ಮನೆಯವರು ಮಾತಾಡುತ್ತಿದ್ದರೆ 'ಉನ್', 'ಹಾಯ್', 'ಸೋ ದೆಸು ನೆ' ಎಂದು ಹೂಂಗುಟ್ಟುತ್ತಾ ಇರಬೇಕು. ಫೋನಿನಲ್ಲಿ ಹೂಂಗುಟ್ಟದೆ ಸುಮ್ಮನೆ ಕೇಳುತ್ತಿದ್ದರೆ ಆ ಕಡೆಯವರು ಲೈನ್ ಕಟ್ಟಾಯಿತೆಂದು ತಿಳಿಯುತ್ತಾರೆ.

ಭೇಟಿ, ಮನಸ್ಸು, ಮತ್ತು 'ನೋಡೋಣ' ಎಂಬ ಉತ್ತರ

ಜೊತೆ ಸಿಗುವುದು ಭಾಷಾ ವಿನಿಮಯದಲ್ಲಿ, ಓದಿನ ವರ್ಷಗಳಲ್ಲಿ, ಕೆಲಸದಲ್ಲಿ, ಹೂ ಜೋಡಿಸುವ ಇಕೆಬಾನ, ಕರಾಟೆ, ಚಹಾ ವಿಧಿಯ ತರಗತಿಗಳಲ್ಲಿ. ಇವುಗಳಲ್ಲಿ ಭಾಷಾ ವಿನಿಮಯದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅದನ್ನು ಹಾಳುಮಾಡುವುದು ಬಹಳ ಸುಲಭ. ಒಂದು ಗಂಟೆ ಇದ್ದರೆ ಅರ್ಧ ಗಂಟೆ ಜಪಾನಿ, ಅರ್ಧ ಗಂಟೆ ಕನ್ನಡ ಎಂದು ಗಡಿಯಾರ ಇಟ್ಟುಕೊಂಡೇ ಮಾಡಬೇಕು. ಗಡಿಯಾರ ಇಲ್ಲದಿದ್ದರೆ ಇಬ್ಬರಿಗೂ ಹೆಚ್ಚು ಬರುವ ಭಾಷೆ ಇಡೀ ಗಂಟೆಯನ್ನು ತಿಂದುಹಾಕುತ್ತದೆ, ಹೆಚ್ಚಿನ ಸಲ ಅದು ಇಂಗ್ಲಿಷ್. ಕಲಿಯಲು ಬಂದವರ ಎದುರು ಮೊದಲ ದಿನವೇ ಮದುವೆಯ ಗಂಡು-ಹೆಣ್ಣು ಹುಡುಕುವವರಂತೆ ಕೂರುವುದು ತಪ್ಪು. ಅವರು ಎದ್ದುಹೋಗುತ್ತಾರೆ, ಹೋಗಬೇಕಾದದ್ದೇ.

ಸಂಸ್ಕೃತಿಯ ಮೇಲಿನ ಆಸೆಯನ್ನು ಮನುಷ್ಯರ ಮೇಲೆ ಹೊರಿಸುವುದು ಈ ದಾರಿಯ ಅತಿ ದೊಡ್ಡ ಅಪಾಯ ಎಂದು ನಮಗೆ ಅನಿಸುತ್ತದೆ. ಅನಿಮೆ ನೋಡಿ ಜಪಾನಿಗೆ ಮನಸೋತವರು ಎದುರಿಗಿರುವವರಲ್ಲಿ ಆ ಪಾತ್ರವನ್ನು ಹುಡುಕುತ್ತಾರೆ. ಯೋಗ, ಆಯುರ್ವೇದ ಎಂದು ಭಾರತಕ್ಕೆ ಬಂದ ಜಪಾನಿಯರೂ ನಮ್ಮಲ್ಲಿ ಋಷಿಯನ್ನು ಹುಡುಕುವುದುಂಟು. ನಾವು ಕಂಡುಕೊಂಡ ಪರೀಕ್ಷೆ ಸರಳ. ಜಪಾನು, ಭಾರತ ಎರಡೂ ಬಾರದ ಸಂಗತಿಗಳನ್ನು ಎಷ್ಟು ಹೊತ್ತು ಮಾತಾಡಬಲ್ಲಿರಿ? ದುಡ್ಡು ಹೇಗೆ ಖರ್ಚು ಮಾಡುತ್ತೀರಿ, ಕೋಪ ಬಂದರೆ ಏನು ಮಾಡುತ್ತೀರಿ, ಅಪ್ಪ-ಅಮ್ಮನಿಗೆ ವಯಸ್ಸಾದಾಗ ಯಾವ ದೇಶದಲ್ಲಿ ಇರುತ್ತೀರಿ? ಕೊನೆಯ ಪ್ರಶ್ನೆಯನ್ನು ಮದುವೆಗೆ ಮೊದಲೇ ಕೇಳಿಕೊಳ್ಳಿ. ಇಬ್ಬರ ಹೆತ್ತವರ ನಡುವೆಯೂ ಒಂದು ಸಮುದ್ರ ಇರುತ್ತದೆ.

ಜಪಾನಿನಲ್ಲಿ ಸಂಬಂಧ ಶುರುವಾಗುವುದಕ್ಕೆ ಬಾಯಿಬಿಟ್ಟು ಹೇಳುವ ಹಂತವೊಂದು ಇದೆ, 'ಕೊಕುಹಾಕು' ಎನ್ನುತ್ತಾರೆ. 'ಸುಕಿ ದೆಸು, ತ್ಸುಕಿಅತ್ತೆ ಕುದಸಾಯ್', ಇಷ್ಟ ಇದೆ, ಜೊತೆಗಿರೋಣ ಎಂದು ಕೇಳಿ, ಒಪ್ಪಿಗೆ ಬಂದ ದಿನದಿಂದ ಇಬ್ಬರೂ ಜೋಡಿ. ಅದಕ್ಕೂ ಮೊದಲು ಹತ್ತು ಸಲ ಸಿನಿಮಾಕ್ಕೆ ಹೋಗಿದ್ದರೂ ಲೆಕ್ಕಕ್ಕಿಲ್ಲ. ಉತ್ತರ ಕೇಳಿಸಿಕೊಳ್ಳುವುದನ್ನೂ ಕಲಿಯಬೇಕು. 'ಛೊತ್ತೊ…' ಎಂದು ಎಳೆದು ನಿಲ್ಲಿಸಿದರೆ ಇಲ್ಲ ಎಂದರ್ಥ. 'ಕಂಗಎತೆ ಒಕಿಮಾಸು', ಯೋಚನೆ ಮಾಡಿಡುತ್ತೇನೆ, ಎಂದರೂ ಬಹುಪಾಲು ಇಲ್ಲ ಎಂದೇ. ಹೆಣ್ಣು ನೋಡಿಹೋದ ಮೇಲೆ 'ಯೋಚನೆ ಮಾಡಿ ಹೇಳಿಕಳಿಸ್ತೀವಿ' ಅಂದರೆ ಏನೆಂದು ನಮಗೆ ಗೊತ್ತಿಲ್ಲವೇ? ಹಾಗೆಯೇ ತಿಳಿದು ಗೌರವದಿಂದ ಹಿಂದೆ ಸರಿಯಬೇಕು.

ಕಲಿಕೆ ಎರಡೂ ಕಡೆಯಿಂದ ಆಗಬೇಕು. ಒಬ್ಬರು ಮಾತ್ರ ಇನ್ನೊಬ್ಬರ ಭಾಷೆ ಕಲಿತ ಮನೆಯಲ್ಲಿ, ಕಲಿಯದವರು ಅತ್ತೆಮನೆಗೆ ಬಂದಾಗಲೆಲ್ಲ ನೆಂಟರಾಗಿಯೇ ಉಳಿಯುತ್ತಾರೆ. ಜಪಾನಿಯವರಿಗೆ ಕನ್ನಡ ಕಲಿಸುವಾಗ ವಾಕ್ಯರಚನೆ ಅವರನ್ನು ಕಾಡುವುದಿಲ್ಲ. ಕಾಡುವುದು ರ, ಲ, ಳ. ಅವರಲ್ಲಿ ಇರುವುದು ಒಂದೇ ಧ್ವನಿ, ನಾಲಿಗೆ ಅಂಗುಳನ್ನು ತಟ್ಟಿ ಬರುವ ರ. ಹಲ್ಲಿ–ಹಳ್ಳಿ, ಬೆಲೆ–ಬೆಳೆ, ಕಲೆ–ಕಳೆ ಎಂಬ ಜೋಡಿಗಳನ್ನು ಹಿಡಿದು, ಮೊದಲು ನಾಲಿಗೆ ಹಿಂದಕ್ಕೆ ಮಡಚುವ ಳ ಕಲಿಸಿ. ಅದು ಹೊಸ ಧ್ವನಿಯಾದ್ದರಿಂದ ಬೇಗ ಬರುತ್ತದೆ. ಲ ಮತ್ತು ರ ಬೇರೆ ಮಾಡುವುದೇ ನಿಧಾನ. 'ಊಟ ಆಯ್ತಾ?' ಎಂಬುದು ಊಟದ ವಿಚಾರಣೆಗಿಂತ ಹೆಚ್ಚಾಗಿ ನಮಸ್ಕಾರದ ಮಾತು ಎಂದೂ ಹೇಳಿಕೊಡಿ. ಇಲ್ಲದಿದ್ದರೆ ಪ್ರತಿ ಸಲವೂ ತಿಂದದ್ದರ ಪಟ್ಟಿ ಒಪ್ಪಿಸುತ್ತಾರೆ.

ಮೊದಲ ಸಲ ಆ ಮನೆಯ ಹೊಸ್ತಿಲಲ್ಲಿ

ಮದುವೆಗೆ ಒಪ್ಪಿಗೆ ಕೇಳಲು ಹೋಗುವ ಭೇಟಿಗೆ 'ಗೊಆಯ್‌ಸಾತ್ಸು' ಎಂದು ಹೆಸರು. ಕಪ್ಪೋ ಗಾಢ ನೀಲಿಯೋ ಆದ ಸೂಟು ಅಥವಾ ಅದಕ್ಕೆ ಸಮನಾದ ಸರಳ ಉಡುಪು, ತೂತಿಲ್ಲದ ಕಾಲುಚೀಲ. ಕಾಲುಚೀಲದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಬಾಗಿಲಲ್ಲೇ ಚಪ್ಪಲಿ-ಬೂಟು ಬಿಡಬೇಕು. ಬಿಟ್ಟ ಬೂಟನ್ನು ಬಾಗಿ, ಮೂತಿ ಬಾಗಿಲ ಕಡೆಗೆ ಬರುವಂತೆ ತಿರುಗಿಸಿಡಬೇಕು. ಉಡುಗೊರೆಯನ್ನು ಹೊಸ್ತಿಲಲ್ಲಿ ಕೊಡದೆ ಒಳಗೆ ಕೂತ ಮೇಲೆ ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಕೊಡಬೇಕು. ಸಿಹಿತಿಂಡಿಯ ಡಬ್ಬಿ ಉತ್ತಮ, ಅದರಲ್ಲೂ ಬಿಡಿಬಿಡಿಯಾಗಿ ಪೊಟ್ಟಣ ಕಟ್ಟಿದ್ದು. ತುಪ್ಪ ಸುರಿಯುವ ಮೈಸೂರು ಪಾಕು ಪ್ರೀತಿಯಿಂದ ಒಯ್ಯುವವರಿದ್ದಾರೆ. ಅವರ ನಾಲಿಗೆಗೆ ಆ ಸಿಹಿ ಬಹಳ ಹೆಚ್ಚಾಗುತ್ತದೆ, ಚಿಕ್ಕ ಡಬ್ಬಿ ಸಾಕು.

ಮನೆಯಲ್ಲಿ ಪಿತೃಗಳ ಪೀಠ 'ಬುತ್ಸುದಾನ್' ಇದ್ದರೆ, 'ಕೈ ಮುಗಿಯಬಹುದೇ?' ಎಂದು ಕೇಳಿ ಹೋಗಿ. ಊದುಕಡ್ಡಿ ಹಚ್ಚಿದ ಮೇಲೆ ಜ್ವಾಲೆಯನ್ನು ಬಾಯಿಂದ ಊದುವುದಿಲ್ಲ, ಕೈಯಿಂದ ಬೀಸಿ ಆರಿಸುತ್ತಾರೆ. ಇದನ್ನು ಹೇಳಿಕೊಡದೆಯೇ ಮಾಡುವ ಹೊಸ ಸೊಸೆ-ಅಳಿಯನನ್ನು ಕಂಡು ಹಿರಿಯರ ಮುಖ ಅರಳುತ್ತದೆ. ಹೆಚ್ಚಿನ ಊರುಗಳಲ್ಲಿ ಆಗಸ್ಟ್ 13ರಿಂದ 16ರವರೆಗೆ ನಡೆಯುವ 'ಒಬೋನ್' ನಮ್ಮ ಪಿತೃಪಕ್ಷಕ್ಕೆ ಹತ್ತಿರದ್ದು. ಹೋದವರು ಮನೆಗೆ ಬಂದು ಹೋಗುವ ದಿನಗಳು. ಕುಟುಂಬದ ಎಲ್ಲರನ್ನೂ ಒಟ್ಟಿಗೆ ಕಾಣಬೇಕೆಂದರೆ ಆ ದಿನಗಳಿಗೆ ಇಲ್ಲವೇ ಹೊಸವರ್ಷಕ್ಕೆ ಹೋಗಬೇಕು.

ರಾತ್ರಿ ಉಳಿದರೆ ಸ್ನಾನದ ಮಾತು ಬರುತ್ತದೆ. ತೊಟ್ಟಿಯ ಹೊರಗೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಇಳಿಯುವುದು. ಆ ನೀರು ಮನೆಯವರೆಲ್ಲರಿಗೂ ಒಂದೇ. ಎದ್ದು ಬರುವಾಗ ಬಿರಡೆ ಎಳೆಯಬೇಡಿ.

ಸಸ್ಯಾಹಾರಿಗಳಿಗೆ ಊಟವೇ ದೊಡ್ಡ ಗಂಟು. ಇಲ್ಲಿ ತಪ್ಪು ಎಲ್ಲಿ ಆಗುತ್ತದೆ ಎಂದರೆ, 'ನಿಕು' ತಿನ್ನುವುದಿಲ್ಲ ಎಂದು ಹೇಳಿದರೆ ದನ, ಹಂದಿ, ಕೋಳಿಯ ಮಾಂಸ ಮಾತ್ರ ಬಿಡುತ್ತಾರೆ. ಮೀನು ಅವರ ಮಾತಿನಲ್ಲಿ ನಿಕು ಅಲ್ಲ. ಮೀನೂ ಬೇಡ ಎಂದರೂ ಸಾರಿನ ತಳದಲ್ಲಿ 'ದಾಶಿ' ಇರುತ್ತದೆ. ಒಣಗಿಸಿ ಹೊಗೆಹಾಕಿದ ಕತ್ಸುಒ ಮೀನನ್ನು ತೆಳುವಾಗಿ ಹೆರೆದು ಬಿಸಿನೀರಿನಲ್ಲಿ ಬಿಟ್ಟ ರಸ ಅದು. ಮಿಸೊ ಸಾರು, ಬೇಯಿಸಿದ ತರಕಾರಿ, ನೂಡಲ್ಸಿನ ರಸ, ಕೆಲವು ಆಮ್ಲೆಟ್ಟುಗಳಲ್ಲೂ ಇರುತ್ತದೆ. ಅಂಗಡಿಯಲ್ಲಿ ಸಿಗುವ ಜಪಾನಿ ಕರ್ರಿ ಸಾರಿನ ಮಸಾಲೆ ಗಟ್ಟಿಗಳಲ್ಲಿ ಪ್ರಾಣಿಕೊಬ್ಬು ಇರುವುದು ಸಾಮಾನ್ಯ. ಆದ್ದರಿಂದ 'ಮಾಂಸ, ಮೀನು, ಮೀನಿನ ದಾಶಿ ಮೂರೂ ಆಗುವುದಿಲ್ಲ' ಎಂದು ಹೋಗುವುದಕ್ಕೆ ವಾರ ಮೊದಲೇ ಹೇಳಿಸಬೇಕು. ಬಡಿಸಿದ ಮೇಲೆ ಹೇಳಿದರೆ ದಿನವಿಡೀ ಅಡುಗೆ ಮಾಡಿದವರಿಗೆ ಬೇಸರ. ಇನ್ನೂ ಒಳ್ಳೆಯದು, ದಾಶಿಯನ್ನು ನೀವೇ ಮಾಡಿಕೊಡುವುದು. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ಅಂದರೆ ಒಣ ಕಡಲಸಸ್ಯದ ಪಟ್ಟಿ. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮುಂಚೆ ತೆಗೆಯಬೇಕು. ಕುದಿಸಿದರೆ ಲೋಳೆ ಬಿಟ್ಟು ಕಹಿಯಾಗುತ್ತದೆ. ಮೂರು-ನಾಲ್ಕು ಒಣ ಶಿಟಾಕೆ ಅಣಬೆಯನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿದ ನೀರನ್ನು ಇದಕ್ಕೆ ಸೇರಿಸಿದರೆ ರುಚಿಗೆ ಏನೂ ಕಡಿಮೆಯಾಗುವುದಿಲ್ಲ. ಬೌದ್ಧ ದೇಗುಲಗಳ 'ಶೋಜಿನ್ ರ್ಯೋರಿ' ಅಡುಗೆಗೆ ಈ ದಾಶಿಯೇ ಆಧಾರ. ಹಾಗಾಗಿ ಹಿರಿಯರಿಗೆ ಇದು ಪರಕೀಯ ಎನಿಸುವುದೂ ಇಲ್ಲ.

ಕಾಗದಗಳು

ಮದುವೆಯನ್ನು ಮೊದಲು ಯಾವ ದೇಶದಲ್ಲಿ ನೋಂದಾಯಿಸುವುದು ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿ. ಎರಡು ದಾರಿಯ ಕಾಲಪಟ್ಟಿಯೇ ಬೇರೆ.

ಭಾರತದಲ್ಲಾದರೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. ಕಚೇರಿಯಲ್ಲಿ ಅದನ್ನು ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ. ಆಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಆಗದಿದ್ದರೆ ನೋಟಿಸ್ ಸತ್ತುಹೋಗುತ್ತದೆ, ಮತ್ತೆ ಮೊದಲಿನಿಂದ. ಜಪಾನಿನಿಂದ ಬರುವವರ ರಜೆ ಹತ್ತು ದಿನ ಮಾತ್ರ ಎಂದಿದ್ದರೆ ಈ ಲೆಕ್ಕ ಕೂಡುವುದಿಲ್ಲ. ಎರಡು ಸಲ ಬರಬೇಕು, ಇಲ್ಲವೇ ಒಂದೂವರೆ ತಿಂಗಳು ಉಳಿಯಬೇಕು. ಮದುವೆಯ ದಿನ ಇಬ್ಬರೂ ಹೇಳಬೇಕಾದ ಘೋಷಣೆಯನ್ನು ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು ಎಂದು ಕಾಯ್ದೆಯೇ ಅನ್ನುತ್ತದೆ. ಕನ್ನಡ ಕಲಿತ ಸಂಗಾತಿಗಳು ಅದನ್ನು ಕನ್ನಡದಲ್ಲಿ ಹೇಳುವುದನ್ನು ಕೇಳುವುದು ಒಂದು ಸುಖ. ಜಪಾನಿನವರು ಅವಿವಾಹಿತರು, ಮದುವೆಗೆ ಅರ್ಹರು ಎಂಬ ಪತ್ರವನ್ನು ಅವರ ದೂತಾವಾಸ ಕೊಡುತ್ತದೆ. ಭಾರತದ ಮದುವೆಯನ್ನು ಮೂರು ತಿಂಗಳೊಳಗೆ ಜಪಾನಿನ ದೂತಾವಾಸಕ್ಕೋ ಅವರ ಊರಿನ ಕಚೇರಿಗೋ ವರದಿ ಮಾಡಬೇಕು.

ಜಪಾನಿನಲ್ಲಾದರೆ 'ಕೊನ್‌ಇನ್ ತೊದೊಕೆ' ಎಂಬ ಒಂದು ಹಾಳೆ. ಇಬ್ಬರು ವಯಸ್ಕ ಸಾಕ್ಷಿಗಳ ಸಹಿ ಹಾಕಿಸಿ ನಗರ ಅಥವಾ ವಾರ್ಡ್ ಕಚೇರಿಗೆ ಕೊಟ್ಟರೆ, ಎಲ್ಲ ಸರಿಯಿದ್ದರೆ ಆ ದಿನವೇ ಮದುವೆಯ ದಿನ. ಶುಲ್ಕ ಇಲ್ಲ. ಪುರೋಹಿತರಿಲ್ಲ, ಘೋಷಣೆಯೂ ಇಲ್ಲ. 2022ರ ಏಪ್ರಿಲ್‌ನಿಂದ ಅಲ್ಲಿ ಇಬ್ಬರಿಗೂ ಮದುವೆಯ ವಯಸ್ಸು 18. ಆದರೆ ಭಾರತೀಯರಿಗೆ ಭಾರತದ ಕಾನೂನಿನ ವಯಸ್ಸೇ ಅನ್ವಯಿಸುತ್ತದೆ, ಹುಡುಗನಿಗೆ 21. ಭಾರತೀಯರು ಮದುವೆಯಾಗಿಲ್ಲ ಎಂಬುದಕ್ಕೆ ಯಾವ ಪತ್ರ ಒಪ್ಪುತ್ತಾರೆ ಎಂಬುದು ಕಚೇರಿಯಿಂದ ಕಚೇರಿಗೆ ಬೇರೆಯಾಗಬಹುದು. ಹೋಗುವ ಮೊದಲು ಅದೇ ಕಚೇರಿಗೆ ಫೋನ್ ಮಾಡಿ, ಯಾರೊಡನೆ ಮಾತಾಡಿದಿರಿ ಎಂದು ಬರೆದಿಟ್ಟುಕೊಳ್ಳಿ. ಎಲ್ಲ ಕಾಗದಕ್ಕೂ ಜಪಾನಿ ಅನುವಾದ ಬೇಕು. ಅದನ್ನು ನೀವೇ ಮಾಡಬಹುದು, ಕೆಳಗೆ ಅನುವಾದಕರ ಹೆಸರು ಹಾಕಿದರಾಯಿತು. ಇದಕ್ಕಾಗಿ ಸುಮ್ಮನೆ ಹಣ ಸುರಿದವರನ್ನು ನೋಡಿದ್ದೇವೆ. ಒಂದು ದೇಶದ ದಾಖಲೆ ಇನ್ನೊಂದು ದೇಶದಲ್ಲಿ ನಡೆಯಲು ಅಪಾಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಸರ್ಕಾರ ಒತ್ತುವ ಮುದ್ರೆ, ಕೇಳಬಹುದು. ಎರಡೂ ದೇಶಗಳು ಆ ಮುದ್ರೆಯನ್ನು ಒಪ್ಪುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿವೆ.

ಹೆಸರಿನ ತೊಂದರೆ ನಮ್ಮವರಿಗೇ ವಿಶೇಷ. ಕರ್ನಾಟಕದಲ್ಲಿ ಹಲವರಿಗೆ ಇನಿಷಿಯಲ್ ಇದೆ, ಮನೆತನದ ಹೆಸರು ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಜಪಾನಿನ ಪ್ರತಿ ಅರ್ಜಿಯಲ್ಲೂ ಮೊದಲ ಚೌಕ ಮನೆತನದ ಹೆಸರಿನದೇ. ಜನನ ಪತ್ರದಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಹೆಸರಿದ್ದರೆ ಅಲ್ಲೇ ಅರ್ಜಿ ನಿಲ್ಲುತ್ತದೆ. ಮದುವೆಗೆ ಆರು ತಿಂಗಳು ಮೊದಲೇ ಎಲ್ಲ ಕಡೆ ಒಂದೇ ಆಗುವಂತೆ ಸರಿಪಡಿಸಿಕೊಳ್ಳಿ. ಜಪಾನಿನ ಕುಟುಂಬ ದಾಖಲೆ 'ಕೊಸೆಕಿ'ಯಲ್ಲಿ ಹೆಸರು ಕತಕಾನದಲ್ಲಿ ಬರುತ್ತದೆ. ಮೊದಲ ದಿನ ಹೇಗೆ ಬರೆಸಿದಿರೋ ಮುಂದಿನ ಎಲ್ಲದಕ್ಕೂ ಅದೇ ಆಧಾರ.

ಕೊಸೆಕಿಯ ಬಗ್ಗೆ ಇನ್ನೊಂದು ನೋವಿನ ಸಂಗತಿಯೂ ಇದೆ. ವಿದೇಶಿ ಸಂಗಾತಿಗೆ ಅದರಲ್ಲಿ ಸ್ವಂತ ಸ್ಥಾನ ಇಲ್ಲ. ಜಪಾನಿ ಸಂಗಾತಿಯ ವಿವರದ ಕೆಳಗೆ 'ಇಂಥವರನ್ನು ಮದುವೆಯಾದರು' ಎಂಬ ಟಿಪ್ಪಣಿಯಾಗಿ ಮಾತ್ರ ಹೆಸರು. ನಿವಾಸದ ದಾಖಲೆ 'ಜೂಮಿನ್‌ಹ್ಯೋ'ದಲ್ಲಿ ಇಡೀ ಮನೆಯವರ ಜೊತೆ ವಿದೇಶಿಯರ ಹೆಸರೂ ಸೇರಿದ್ದು 2012ರ ಜುಲೈನಿಂದ. ಜಪಾನಿ ದಂಪತಿಗಳು ಒಂದೇ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕು ಎಂಬ ನಿಯಮ ಇಂಥ ಮದುವೆಗಳಿಗೆ ಇಲ್ಲ. ಬದಲಿಸಬೇಕೆಂದರೆ ಜಪಾನಿಯವರು ಮದುವೆಯಾದ ಆರು ತಿಂಗಳೊಳಗೆ ಅರ್ಜಿ ಕೊಟ್ಟರೆ ಸಾಕು. ಆಮೇಲಾದರೆ ಕುಟುಂಬ ನ್ಯಾಯಾಲಯದ ಅನುಮತಿ ಬೇಕು.

ಎಂಟು ಪುಟಗಳಲ್ಲಿ ಒಲವು

ಜಪಾನಿನಲ್ಲಿ ಒಟ್ಟಿಗೆ ಇರಲು 'ಜಪಾನಿ ಪ್ರಜೆಯ ಸಂಗಾತಿ' ಎಂಬ ವಾಸದ ಸ್ಥಾನಮಾನ ಬೇಕು. ಭಾರತದಲ್ಲಿರುವವರಿಗಾಗಿ ಮೊದಲು ಜಪಾನಿನ ವಲಸೆ ಕಚೇರಿಯಲ್ಲಿ ಅರ್ಹತಾ ಪತ್ರಕ್ಕೆ ಅರ್ಜಿ ಹಾಕುತ್ತಾರೆ. ಅರ್ಜಿಗೆ 4 ಸೆಂ.ಮೀ. ಉದ್ದ 3 ಸೆಂ.ಮೀ. ಅಗಲದ ಫೋಟೊ, ಮದುವೆ ನಮೂದಾದ ಕೊಸೆಕಿ, ಭಾರತದ ವಿವಾಹ ಪತ್ರ, ಜಪಾನಿ ಸಂಗಾತಿಯ ಜೂಮಿನ್‌ಹ್ಯೋ, ತೆರಿಗೆ ಪತ್ರಗಳು, ಜಾಮೀನು ಪತ್ರ. ಭಾರತದಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮೊದಲು ಮದುವೆಯಾದವರಿಗೆ ವಿವಾಹ ಪತ್ರ ಕೈಯಲ್ಲೇ ಇರುತ್ತದೆ. ನಮಗೆ ಆ ದಾರಿ ಹೆಚ್ಚು ಒಪ್ಪಿಗೆಯಾಗಲು ಇದೇ ಕಾರಣ.

ಇವುಗಳ ಜೊತೆ 'ಶಿತ್ಸುಮೊನ್‌ಶೊ' ಎಂಬ ಎಂಟು ಪುಟದ ಪ್ರಶ್ನಾವಳಿ. ಮೊದಲು ಎಲ್ಲಿ, ಯಾವ ದಿನ ಭೇಟಿಯಾದಿರಿ? ಯಾರಾದರೂ ಪರಿಚಯಿಸಿದರೇ? ಅಲ್ಲಿಂದ ಮದುವೆಯವರೆಗೆ ನಡೆದದ್ದನ್ನು ದಿನಾಂಕದೊಡನೆ ಬರೆಯಿರಿ. ಇಬ್ಬರೂ ಮಾತಾಡುವ ಭಾಷೆ ಯಾವುದು, ಒಬ್ಬರ ಭಾಷೆ ಇನ್ನೊಬ್ಬರಿಗೆ ಎಷ್ಟು ಬರುತ್ತದೆ, ಹೇಗೆ ಕಲಿತಿರಿ? ಅರ್ಥವಾಗದಿದ್ದಾಗ ಏನು ಮಾಡುತ್ತೀರಿ? ಮದುವೆಗೆ ಯಾರು ಬಂದಿದ್ದರು? ಒಬ್ಬರ ದೇಶಕ್ಕೆ ಇನ್ನೊಬ್ಬರು ಎಷ್ಟು ಸಲ ಹೋಗಿದ್ದೀರಿ? ಎರಡೂ ಮನೆಗಳಲ್ಲಿ ಈ ಮದುವೆ ಯಾರ‍್ಯಾರಿಗೆ ಗೊತ್ತು? ಹೆಸರಿಗಷ್ಟೇ ಆಗುವ ಮದುವೆಗಳನ್ನು ಹಿಡಿಯಲು ಇದನ್ನು ಕೇಳುತ್ತಾರೆ. ಓದುವಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಆದರೆ ಭಾಷೆಯ ದಾರಿಯಿಂದ ಬಂದವರಿಗೆ ಇಲ್ಲಿ ಬಲ ಇದೆ. ಜೆಎಲ್‌ಪಿಟಿ ಪ್ರಮಾಣಪತ್ರದ ಪ್ರತಿ, ತರಗತಿಯ ರಸೀದಿ, ಜಪಾನಿಯವರು ಕನ್ನಡ ಕಲಿತದ್ದರ ಕುರುಹು, ಎಲ್ಲವನ್ನೂ ಲಗತ್ತಿಸಿ. ಸುಮ್ಮನೆ ಇಟ್ಟುಕೊಂಡಿದ್ದ ಹಳೆಯ ನೋಟ್‌ಬುಕ್ಕು ಕೂಡ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಕೆಡುವುದು ಹೆಚ್ಚಾಗಿ ದಿನಾಂಕ. ಪ್ರಶ್ನಾವಳಿಯಲ್ಲಿ ಮೇ ಎಂದು ಬರೆದು, ಪಾಸ್‌ಪೋರ್ಟಿನ ಮುದ್ರೆ ಜೂನ್ ಎಂದಿದ್ದರೆ ಅನುಮಾನ ಬರುತ್ತದೆ. ನೆನಪಿನಿಂದ ಬರೆಯಬೇಡಿ. ಟಿಕೆಟ್ಟು, ಫೋಟೊ, ಮೆಸೇಜುಗಳನ್ನು ಎದುರಿಟ್ಟುಕೊಂಡು ಬರೆಯಿರಿ. ಇಬ್ಬರೇ ಇರುವ ಫೋಟೊಗಳ ಜೊತೆ ಎರಡೂ ಮನೆಯವರ ಜೊತೆಗಿನವನ್ನೂ ಕೊಡಿ.

ಇನ್ನೊಂದು ಅಡ್ಡಿ ತೆರಿಗೆ ಪತ್ರ. ಜನವರಿ 1ರಂದು ಯಾವ ಊರಿನಲ್ಲಿ ವಾಸವಿದ್ದರೋ ಆ ಊರಿನ ಕಚೇರಿ ಅದನ್ನು ಕೊಡುತ್ತದೆ. ಸಂಗಾತಿ ಆಗ ಭಾರತದಲ್ಲಿದ್ದರೆ ಅಂಥ ಪತ್ರವೇ ಇರುವುದಿಲ್ಲ. ಆಗ ಬ್ಯಾಂಕಿನ ಉಳಿತಾಯ, ಜಪಾನಿನ ಕಂಪನಿಯ ಕೆಲಸದ ಪತ್ರ, ಅತ್ತೆ-ಮಾವನ ಹೆಚ್ಚುವರಿ ಜಾಮೀನು ಇವುಗಳ ಜೊತೆ ಕಾರಣ ವಿವರಿಸುವ ಒಂದು ಪುಟ ಬರೆಯಬೇಕು. ಅರ್ಹತಾ ಪತ್ರ ಬಂದ ಮೇಲೆ ಅದರ ಅವಧಿ ಮೂರು ತಿಂಗಳು, ಅಷ್ಟರೊಳಗೆ ವೀಸಾ ಪಡೆದು ಜಪಾನಿಗೆ ಇಳಿಯಬೇಕು. ವಿಳಾಸ ಗೊತ್ತಾದ 14 ದಿನದೊಳಗೆ ಊರಿನ ಕಚೇರಿಯಲ್ಲಿ ನೋಂದಣಿ. ಅವಧಿ ಆರು ತಿಂಗಳು, ಒಂದು, ಮೂರು ಅಥವಾ ಐದು ವರ್ಷ; ಯಾವ ಕೆಲಸ ಬೇಕಾದರೂ ಮಾಡಬಹುದು. ಭಾರತದಲ್ಲಿ ನೆಲೆಸುವುದಾದರೆ ಜಪಾನಿ ಸಂಗಾತಿ ಮೊದಲು ಎಂಟ್ರಿ ವೀಸಾದಲ್ಲಿ ಇರಬೇಕು. ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ.

ಮಗು

ಮಗು ಜಪಾನಿನಲ್ಲಿ ಹುಟ್ಟಿದರೆ 14 ದಿನದೊಳಗೆ ಜನನ ವರದಿ. ಜಪಾನಿನ ಹೊರಗೆ ಹುಟ್ಟಿ ಇನ್ನೊಂದು ದೇಶದ ಪೌರತ್ವವೂ ಸಿಕ್ಕಿದ್ದರೆ, ಮೂರು ತಿಂಗಳೊಳಗೆ ಜನನ ವರದಿಯ ಜೊತೆ 'ಜಪಾನಿ ಪೌರತ್ವ ಉಳಿಸಿಕೊಳ್ಳುತ್ತೇವೆ' ಎಂಬ ಜಾಗದಲ್ಲಿ ಸಹಿ ಮಾಡಬೇಕು. ಬಾಣಂತನದ ಗಡಿಬಿಡಿಯಲ್ಲಿ ಈ ಮೂರು ತಿಂಗಳು ಕೈತಪ್ಪಿದರೆ ಮಗು ಹುಟ್ಟಿದ ದಿನದಿಂದಲೇ ಜಪಾನಿ ಪೌರತ್ವ ಕಳೆದುಕೊಳ್ಳುತ್ತದೆ. ಎಲ್ಲ ಗಡುವುಗಳಲ್ಲಿ ಕಟ್ಟುನಿಟ್ಟಾದದ್ದು ಇದು. ಹೆರಿಗೆಗೆ ಮೊದಲೇ ಅರ್ಜಿ ತಂದಿಡಿ. ಭಾರತದ ಹೊರಗೆ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕಿದ್ದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಣಿ, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂಬ ಘೋಷಣೆಯೊಡನೆ. ಜಪಾನಿ ಪಾಸ್‌ಪೋರ್ಟ್ ಆಯ್ದುಕೊಂಡ ಮನೆಗಳು ಮಗುವಿಗೆ ಒಸಿಐ ಮಾಡಿಸುತ್ತವೆ.

ಹೆಸರು ಇಡುವಾಗ ಸಾವಧಾನ ಬೇಕು. ಕಾಂಜಿಯಲ್ಲಿ ಬರೆಯುವುದಾದರೆ ದಿನಬಳಕೆಯ ಪಟ್ಟಿಯಿಂದಲೋ ಹೆಸರುಗಳಿಗೆಂದು ಒಪ್ಪಿದ ಪಟ್ಟಿಯಿಂದಲೋ ಆಯ್ದುಕೊಳ್ಳಬೇಕು. ಹಿರಗಾನ, ಕತಕಾನವೂ ಆಗುತ್ತದೆ. 2025ರ ಮೇ 26ರಿಂದ ಕೊಸೆಕಿಯಲ್ಲಿ ಹೆಸರಿನ ಓದುವ ರೀತಿಯನ್ನೂ ದಾಖಲಿಸುತ್ತಾರೆ. ಲ, ಳ, ವಿ, ಮಹಾಪ್ರಾಣ ಇರುವ ಹೆಸರುಗಳು ಜಪಾನಿ ಬಾಯಲ್ಲಿ ಬದಲಾಗುತ್ತವೆ. 'ವಿ' ಅಲ್ಲಿ 'ಬಿ' ಆಗುವುದರಿಂದ ಕವಿತಾ 'ಕಬಿತ' ಆಗುತ್ತದೆ, ಅದಕ್ಕೆ ಅವರ ಮಾತಿನಲ್ಲಿ ಬೂಷ್ಟು ಹಿಡಿದದ್ದು ಎಂಬ ಅರ್ಥ. ಉಮಾ ಕೇಳಿದವರಿಗೆ ಕುದುರೆ ನೆನಪಾಗುತ್ತದೆ. ಮೀನಾ, ಮಾಯಾ ಎರಡೂ ಕಡೆ ಒಗ್ಗುತ್ತವೆ. ಮನಸ್ಸಿಗೆ ಬಂದ ಹೆಸರನ್ನು ಕತಕಾನದಲ್ಲೂ ಕನ್ನಡದಲ್ಲೂ ಬರೆದು, ಒಂದನ್ನು ಒಬಾಸನ್ ಕೈಗೆ, ಇನ್ನೊಂದನ್ನು ಅಜ್ಜಿಯ ಕೈಗೆ ಕೊಟ್ಟು, ಇಬ್ಬರಿಂದಲೂ ಜೋರಾಗಿ ಕರೆಯಿಸಿ ನೋಡಿ.